ಮಾತ್ರೆ ಆರಕ್ಕೆ, ಕಾಫಿ ಏಳಕ್ಕೆ

ಹಾಸನ ಜಿಲ್ಲೆಯವರಿಗೆ "ಕಾಫಿ ಬಿಟ್ಟುಬಿಡಿ" ಅಂತ ಹೇಳೋದು ಸಣ್ಣ ಮಾತಲ್ಲ. ಸಕಲೇಶಪುರ, ಬೇಲೂರು, ಆಲೂರು ಕಡೆ ಅದು ಬೆಳೆ, ಬದುಕು. ಅರಕಲಗೂಡು ತಾಲ್ಲೂಕಿನ ಪಶ್ಚಿಮದ ಅಂಚಿನಲ್ಲೂ ತೋಟಗಳಿವೆ. ಹೊಳೆನರಸೀಪುರ, ಚನ್ನರಾಯಪಟ್ಟಣ ಬಯಲು. ಅಲ್ಲಿ ರಾಗಿ, ತೆಂಗು. ಆದ್ರೆ ಬೆಳಗ್ಗೆ ಆರು ಗಂಟೆಗೆ ಯಾವ ಮನೆಯ ಅಡುಗೆಮನೆಗೆ ಹೋದ್ರೂ ಫಿಲ್ಟರಿನಿಂದ ಡಿಕಾಕ್ಷನ್ ಇಳೀತಾ ಇರತ್ತೆ, ಇಲ್ಲಾಂದ್ರೆ ಪಾತ್ರೆಯಲ್ಲಿ ಬೆಲ್ಲದ ಕಾಫಿ ಕುದೀತಾ ಇರತ್ತೆ. ಹಾಗಾಗಿ ಯಾರಿಗಾದ್ರೂ ಆಟೋಇಮ್ಯೂನ್ ಕಾಯಿಲೆ ಇದೆ ಅಂತ ಗೊತ್ತಾದಾಗ, "ಇದು ವಾಸಿ ಆಗತ್ತಾ ಡಾಕ್ಟ್ರೇ?" ಅನ್ನೋದು ಮೊದಲ ಪ್ರಶ್ನೆಯಾದ್ರೆ, ಎರಡನೇದು "ಕಾಫಿ ಕುಡೀಬಹುದಾ?" ಅನ್ನೋದೇ.

ಉತ್ತರಗಳು ಮಾತ್ರ ದಿಕ್ಕಿಗೊಂದು. ಪಕ್ಕದ ಮನೆ ಆಂಟಿ ಪೂರ್ತಿ ಬಿಡು ಅಂತಾರೆ. ವಾಟ್ಸಾಪಿನಲ್ಲಿ ಕಾಫಿಯೇ ಔಷಧಿ ಅಂತ ಬರತ್ತೆ. ದೊಡ್ಡಪ್ಪ "ಒಂದು ಲೋಟಕ್ಕೆ ಏನಾಗತ್ತೆ" ಅಂತಾರೆ. ಈ ಪಾಠದಲ್ಲಿ ನಾವು ಮೂರನ್ನೂ ಪಕ್ಕಕ್ಕಿಟ್ಟು, ಕಾಫಿ ಒಳಗೆ ಹೋದ ಮೇಲೆ ನಿಜವಾಗಿ ಏನಾಗತ್ತೆ ಅಂತ ನೋಡೋಣ. ಸ್ವಲ್ಪ ಲೆಕ್ಕ ಬರತ್ತೆ, ಕಂಟ್ರೋಲ್ ಸಿಸ್ಟಮ್ಸ್ ಬರತ್ತೆ. ಆ ಪೇಪರಲ್ಲಿ ಬ್ಯಾಕ್ ಇರೋರೂ ಓದಬಹುದು.

ಆಟೋಇಮ್ಯೂನ್ ಅಂದ್ರೆ, ಹೊರಗಿನ ಸೋಂಕಿನ ವಿರುದ್ಧ ಹೋರಾಡಬೇಕಾದ ನಮ್ಮ ರೋಗನಿರೋಧಕ ವ್ಯವಸ್ಥೆ ನಮ್ಮ ದೇಹದ ಅಂಗವನ್ನೇ ಶತ್ರು ಅಂದ್ಕೊಂಡು ದಾಳಿ ಮಾಡೋದು. ಕೀಲುಗಳ ಮೇಲೆ ಮಾಡಿದ್ರೆ ರುಮಟಾಯ್ಡ್ ಆರ್ಥ್ರೈಟಿಸ್. ಇನ್ಸುಲಿನ್ ತಯಾರಿಸೋ ಜೀವಕೋಶಗಳ ಮೇಲೆ ಮಾಡಿದ್ರೆ ಟೈಪ್ 1 ಡಯಾಬಿಟಿಸ್. ಥೈರಾಯ್ಡ್ ಗ್ರಂಥಿಯ ಮೇಲೆ ಮಾಡಿದ್ರೆ ಹೆಚ್ಚಿನ ಸಲ ಹಾಶಿಮೋಟೊ ಕಾಯಿಲೆ. 1912ರಲ್ಲಿ ಜಪಾನಿನ ವೈದ್ಯ ಹಕಾರು ಹಾಶಿಮೋಟೊ ನಾಲ್ಕು ಜನ ಹೆಂಗಸರ ಥೈರಾಯ್ಡ್ ಗ್ರಂಥಿಗಳನ್ನ ಪರೀಕ್ಷಿಸಿ ಇದನ್ನ ಮೊದಲು ವಿವರಿಸಿದ್ರು. ನಾಲ್ಕೂ ಜನ ಹೆಂಗಸರೇ ಆಗಿದ್ದು ಬರೀ ಕಾಕತಾಳೀಯ ಅಲ್ಲ. ಈ ಕಾಯಿಲೆ ಗಂಡಸರಿಗಿಂತ ಹೆಂಗಸರಿಗೆ ಹಲವು ಪಟ್ಟು ಹೆಚ್ಚು.

ನಾವು ಥೈರಾಯ್ಡ್ ಮೇಲೇ ಹೆಚ್ಚು ನಿಲ್ಲೋದಕ್ಕೆ ಕಾರಣ ಇದೆ. 2013ರಲ್ಲಿ ಪ್ರಕಟವಾದ, ಬೆಂಗಳೂರೂ ಸೇರಿ ಭಾರತದ ಎಂಟು ನಗರಗಳ 5,376 ವಯಸ್ಕರ ಅಧ್ಯಯನದಲ್ಲಿ ಸುಮಾರು ಶೇ. 11ರಷ್ಟು ಜನಕ್ಕೆ ಹೈಪೋಥೈರಾಯ್ಡಿಸಮ್ ಇತ್ತು. ಥೈರಾಯ್ಡ್ ವಿರುದ್ಧದ ಪ್ರತಿಕಾಯಗಳು ಸುಮಾರು ಶೇ. 22ರಷ್ಟು ಜನರ ರಕ್ತದಲ್ಲಿ ಸಿಕ್ಕವು. ಇದು ನಗರಗಳ ಲೆಕ್ಕ, ಅರಕಲಗೂಡಿನ ಹಳ್ಳಿಗೆ ಹಾಗೇ ಎತ್ತಿಡೋಕೆ ಬರಲ್ಲ. ಆದ್ರೂ ಅರವತ್ತು ಜನರ ಒಂದು ಸೆಕ್ಷನ್ನಿನಲ್ಲಿ ಮನೆಯಲ್ಲಿ ಯಾರಾದ್ರೂ ಬೆಳಗ್ಗೆ ಥೈರಾಯ್ಡ್ ಮಾತ್ರೆ ತಗೊಳ್ಳೋರು ಎಷ್ಟು ಜನ ಅಂತ ಕೈ ಎತ್ತಿಸಿ ನೋಡಿ, ಗೊತ್ತಾಗತ್ತೆ.

ಒಂದು ಮಾತು ಮೊದಲೇ ಹೇಳಿಬಿಡೋಣ. ಕಾಫಿ ಕುಡಿದಿದ್ದಕ್ಕೆ ಹಾಶಿಮೋಟೊ ಬರಲ್ಲ, ಬಿಟ್ಟಿದ್ದಕ್ಕೆ ಹೋಗೋದೂ ಇಲ್ಲ. ತೊಂದರೆ ಇರೋದು ಕಾಫಿ ಮತ್ತು ಮಾತ್ರೆ ಹೊಟ್ಟೆಯಲ್ಲಿ ಒಟ್ಟಿಗೆ ಸಿಕ್ಕಾಗ.

ಲೂಪ್ ಹೇಗೆ ನಡೆಯತ್ತೆ

ಆರೋಗ್ಯವಂತರ ದೇಹದಲ್ಲಿ ಥೈರಾಯ್ಡ್ ಒಂದು ಅಚ್ಚುಕಟ್ಟಾದ ನೆಗೆಟಿವ್ ಫೀಡ್‌ಬ್ಯಾಕ್ ಲೂಪ್. ಮೆದುಳಿನ ಕೆಳಗಿರೋ ಪಿಟ್ಯುಟರಿ ಗ್ರಂಥಿ ಕಂಟ್ರೋಲರ್. ರಕ್ತದಲ್ಲಿ ಥೈರಾಯ್ಡ್ ಹಾರ್ಮೋನ್ ಕಡಿಮೆ ಆದ್ರೆ ಅದು ಟಿ.ಎಸ್.ಎಚ್. ಜಾಸ್ತಿ ಕಳಿಸಿ "ಇನ್ನೂ ಮಾಡು" ಅಂತ ಹೇಳತ್ತೆ. ಜಾಸ್ತಿ ಆದ್ರೆ ಟಿ.ಎಸ್.ಎಚ್. ಇಳಿಸತ್ತೆ. ಕುತ್ತಿಗೆಯಲ್ಲಿರೋ ಥೈರಾಯ್ಡ್ ಗ್ರಂಥಿ ಆಕ್ಚುಯೇಟರ್. ಹಾಶಿಮೋಟೊದಲ್ಲಿ ಈ ಆಕ್ಚುಯೇಟರ್ ಹಾಳಾಗ್ತಾ ಹೋಗತ್ತೆ. ಕಂಟ್ರೋಲರ್ ಎಷ್ಟು ಕೂಗಿದ್ರೂ ಔಟ್‌ಪುಟ್ ಬರಲ್ಲ. ರಿಪೋರ್ಟಿನಲ್ಲಿ ಟಿ.ಎಸ್.ಎಚ್. ಜಾಸ್ತಿ ಬಂದ್ರೆ ಬಹಳಷ್ಟು ಮನೆಗಳಲ್ಲಿ "ಥೈರಾಯ್ಡ್ ಜಾಸ್ತಿಯಾಗಿದೆ" ಅಂತಾರಲ್ಲ, ಅದು ತಲೆಕೆಳಗು. ಕೂಗು ಜಾಸ್ತಿ ಆಗಿದೆ ಅಂದ್ರೆ ಹಾರ್ಮೋನ್ ಕಡಿಮೆ ಇದೆ ಅಂತ ಅರ್ಥ.

ಈ ಕಂಟ್ರೋಲರಿನ ಗೇನ್ ಕೂಡ ದೊಡ್ಡದು. ರಕ್ತದಲ್ಲಿನ ಹಾರ್ಮೋನ್ ಎರಡು ಪಟ್ಟು ಬದಲಾದ್ರೆ ಟಿ.ಎಸ್.ಎಚ್. ಸುಮಾರು ನೂರು ಪಟ್ಟು ಬದಲಾಗಬಹುದು ಅಂತ ಪಠ್ಯಪುಸ್ತಕಗಳು ಹೇಳ್ತವೆ. ಅದಕ್ಕೇ ಡಾಕ್ಟ್ರು ಮೊದಲು ಟಿ.ಎಸ್.ಎಚ್. ನೋಡೋದು. ಹಾರ್ಮೋನಿನಲ್ಲಿ ಆಗೋ ಸಣ್ಣ ವ್ಯತ್ಯಾಸವೂ ಅಲ್ಲಿ ದೊಡ್ಡದಾಗಿ ಕಾಣತ್ತೆ.

ಚಿಕಿತ್ಸೆ ಅಂದ್ರೆ ಲಿವೊಥೈರಾಕ್ಸಿನ್ ಮಾತ್ರೆ. ಗ್ರಂಥಿ ಮಾಡ್ತಿದ್ದ ಹಾರ್ಮೋನನ್ನೇ ಹೊರಗಿನಿಂದ ಕೊಡೋದು. ಆದ್ರೆ ಇಲ್ಲೊಂದು ಬದಲಾವಣೆ ಆಗತ್ತೆ. ಮಾತ್ರೆ ಶುರುವಾದ ಮೇಲೆ ಇದು ಬಹುಪಾಲು ಓಪನ್ ಲೂಪ್. ಇವತ್ತು ಕಡಿಮೆ ಹೀರಿಕೊಂಡ್ವಿ, ನಾಳೆ ಜಾಸ್ತಿ ತಗೊಳ್ಳೋಣ ಅಂತ ದೇಹ ನಿರ್ಧಾರ ಮಾಡೋಕೆ ಆಗಲ್ಲ. ಲೂಪನ್ನ ಮುಚ್ಚೋದು ಡಾಕ್ಟ್ರು, ಅದೂ ಆರರಿಂದ ಎಂಟು ವಾರಕ್ಕೊಂದು ಸಲ ರಕ್ತಪರೀಕ್ಷೆ ಮಾಡಿಸಿ. ಎಲ್ಲ ಸರಿಯಿದ್ರೆ ಆಮೇಲೆ ಆರು ತಿಂಗಳಿಗೊಂದು, ವರ್ಷಕ್ಕೊಂದು ಸಲ. ಅಂದ್ರೆ ಸ್ಯಾಂಪ್ಲಿಂಗ್ ಪೀರಿಯಡ್ ತುಂಬ ಉದ್ದ. ಮಧ್ಯೆ ನಾವೇನು ಮಾಡ್ತೀವೋ ಅದು ಯಾರಿಗೂ ಕಾಣಲ್ಲ.

ಆರು ವಾರ ಯಾಕೆ? ಈ ಹಾರ್ಮೋನಿನ ಅರ್ಧಾಯುಷ್ಯ ಸುಮಾರು 7 ದಿನ. ಅದನ್ನ 0.693ರಿಂದ ಭಾಗಿಸಿದ್ರೆ ಟೈಮ್ ಕಾನ್‌ಸ್ಟಂಟ್ ಹತ್ತಿರ ಹತ್ತಿರ 10 ದಿನ. ಫಸ್ಟ್ ಆರ್ಡರ್ ಸಿಸ್ಟಮ್ ನಾಲ್ಕು ಟೈಮ್ ಕಾನ್‌ಸ್ಟಂಟಿನಲ್ಲಿ ಶೇ. 98ರಷ್ಟು ಸೆಟಲ್ ಆಗತ್ತೆ ಅಂತ ಎಲ್ಲರೂ ಬರೆದಿದ್ದೀವಿ. ನಾಲ್ಕು ಹತ್ತಲ ನಲವತ್ತು ದಿನ, ಸುಮಾರು ಆರು ವಾರ. ಲ್ಯಾಬಿನಲ್ಲಿ ಕೆಪ್ಯಾಸಿಟರ್ ಚಾರ್ಜ್ ಆಗೋ ಕರ್ವ್ ನಮ್ಮ ಅಮ್ಮಂದಿರ ರಕ್ತದಲ್ಲೂ ಇದೆ.

ಕಾಫಿ ಎಲ್ಲಿ ಕೈ ಹಾಕತ್ತೆ

ನುಂಗಿದ ಲಿವೊಥೈರಾಕ್ಸಿನ್ ಪೂರ್ತಿ ರಕ್ತಕ್ಕೆ ಹೋಗಲ್ಲ. ಖಾಲಿ ಹೊಟ್ಟೆಯಲ್ಲಿ ನೀರಿನ ಜೊತೆ ತಗೊಂಡ್ರೂ ಸಣ್ಣ ಕರುಳು ಹೀರಿಕೊಳ್ಳೋದು ಶೇ. 60ರಿಂದ 80. ಜೊತೆಯಲ್ಲಿ ಬೇರೆ ಏನಾದ್ರೂ ಇದ್ರೆ ಇನ್ನೂ ಕಡಿಮೆ.

2008ರಲ್ಲಿ ಇಟಲಿಯ ಸಂಶೋಧಕರು ಇದನ್ನ ಅಳೆದ್ರು. ಅವರ ಹತ್ತಿರ ಬಂದ ಕೆಲವು ರೋಗಿಗಳಿಗೆ ಮಾತ್ರೆ ಸರಿಯಾಗೇ ತಗೊಳ್ತಿದ್ರೂ ಟಿ.ಎಸ್.ಎಚ್. ಇಳೀತಾ ಇರಲಿಲ್ಲ. ವಿಚಾರಿಸಿದ್ರೆ ಎಲ್ಲರೂ ಮಾತ್ರೆಯ ಜೊತೆಗೇ ಎಸ್ಪ್ರೆಸೊ ಕುಡೀತಿದ್ರು. ಪರೀಕ್ಷೆಯಲ್ಲಿ ಅದೇ ಜನ ಒಂದು ದಿನ ನೀರಿನಲ್ಲಿ, ಇನ್ನೊಂದು ದಿನ ಕಾಫಿಯ ಜೊತೆ, ಮತ್ತೊಂದು ದಿನ ನೀರಿನಲ್ಲಿ ತಗೊಂಡು ಒಂದು ಗಂಟೆ ಬಿಟ್ಟು ಕಾಫಿ ಕುಡಿದ್ರು. ಕಾಫಿಯ ಜೊತೆ ತಗೊಂಡಾಗ ರಕ್ತಕ್ಕೆ ಸೇರಿದ ಹಾರ್ಮೋನ್ ಸರಿಸುಮಾರು ಕಾಲುಭಾಗದಿಂದ ಮೂರನೇ ಒಂದು ಭಾಗದಷ್ಟು ಕಡಿಮೆ ಆಯ್ತು. ಒಂದು ಗಂಟೆ ಬಿಟ್ಟು ಕುಡಿದಾಗ ಹೆಚ್ಚೇನೂ ವ್ಯತ್ಯಾಸ ಇರಲಿಲ್ಲ. ಇದು ಹದಿನೇಳು ಜನರ ಸಣ್ಣ ಅಧ್ಯಯನ, ಹಾಗಾಗಿ ಸಂಖ್ಯೆಯನ್ನ ಕಲ್ಲಿನಲ್ಲಿ ಕೆತ್ತಬೇಡಿ. ಆದ್ರೆ ದಿಕ್ಕು ಸ್ಪಷ್ಟ.

ಲೆಕ್ಕ ಹಾಕೋಣ. 100 ಮೈಕ್ರೋಗ್ರಾಮ್ ಮಾತ್ರೆ, ಶೇ. 70 ಹೀರಿಕೆ ಅಂದ್ಕೊಳ್ಳಿ. ಒಳಗೆ ಹೋಗಿದ್ದು 70. ಕಾಫಿ ಅದರಲ್ಲಿ ಶೇ. 30 ತಿಂದ್ರೆ ಉಳಿದಿದ್ದು 49. ಹೋದ 21 ಮೈಕ್ರೋಗ್ರಾಮ್ ಅಂದ್ರೆ ಮಾತ್ರೆಯ ಲೆಕ್ಕದಲ್ಲಿ 30. ಡಾಕ್ಟ್ರು ಡೋಸ್ ಬದಲಾಯಿಸೋದು ಸಾಮಾನ್ಯವಾಗಿ 12.5 ಅಥವಾ 25ರ ಹೆಜ್ಜೆಯಲ್ಲಿ. ಅಂದ್ರೆ ಒಂದು ಲೋಟ ಕಾಫಿ ಡಾಕ್ಟ್ರ ಒಂದು ಇಡೀ ಹೆಜ್ಜೆಯನ್ನೇ ನುಂಗಿಬಿಡಬಹುದು.

"ಹಾಗಾದ್ರೆ ದಿನಾ ಕಾಫಿ ಜೊತೆಗೇ ತಗೊಂಡು, ಡೋಸ್ ಜಾಸ್ತಿ ಮಾಡಿಸ್ಕೊಂಡ್ರೆ ಆಯ್ತಲ್ಲ?" ಅಂತ ಕೇಳೋರಿದ್ದಾರೆ. ಒಳ್ಳೆ ಪ್ರಶ್ನೆ. ಸಿಸ್ಟಮ್ಯಾಟಿಕ್ ಎರರ್ ಇದ್ರೆ ಕ್ಯಾಲಿಬ್ರೇಟ್ ಮಾಡಬಹುದು. ದಿನಾ ಒಂದೇ ಕಾಫಿ, ಒಂದೇ ಹೊತ್ತು, ಒಂದೇ ಹದ ಆಗಿದ್ರೆ ತಾತ್ವಿಕವಾಗಿ ಸರಿ. ಆದ್ರೆ ವಿದ್ಯಾರ್ಥಿಗಳ ಬದುಕು ಹಾಗಿರಲ್ಲ. ಕಾಲೇಜ್ ಇದ್ದಾಗ ಆರು ದಿನ ಅವಸರದಲ್ಲಿ ಮಾತ್ರೆ, ಹಿಂದೆಯೇ ಕಾಫಿ. ರಜೆ ಬಂದ್ರೆ ಎಂಟಕ್ಕೆ ಎದ್ದು, ಮಾತ್ರೆ ನುಂಗಿ, ಮತ್ತೆ ಹೊದ್ಕೊಂಡು ಮಲಗಿ, ಒಂಬತ್ತೂವರೆಗೆ ಕಾಫಿ. ಒಂದು ತಿಂಗಳ ರಜೆ ಅಂದ್ರೆ ಮೂರು ಟೈಮ್ ಕಾನ್‌ಸ್ಟಂಟ್. ಮಟ್ಟ ಬಹುಪಾಲು ಮೇಲಕ್ಕೆ ಹೋಗಿ ನಿಂತಿರತ್ತೆ. ರಜೆಯ ಕೊನೆಯಲ್ಲಿ ಪರೀಕ್ಷೆ ಮಾಡಿಸಿದ್ರೆ ರಿಪೋರ್ಟ್ ಚೆನ್ನಾಗಿ ಬರತ್ತೆ, ಡಾಕ್ಟ್ರು ಡೋಸ್ ಹಾಗೇ ಬಿಡ್ತಾರೆ, ಕೆಲವು ಸಲ ಇಳಿಸ್ತಾರೆ. ಕಾಲೇಜ್ ಶುರುವಾಗಿ ಒಂದು ತಿಂಗಳಿಗೆ, ಸರಿಯಾಗಿ ಮೊದಲ ಇಂಟರ್ನಲ್ಸ್ ಹೊತ್ತಿಗೆ, ಸುಸ್ತು, ಮರೆವು, ಚಳಿ. ಸುಸ್ತು ಅಂತ ಬೆಳಗಿನ ಕಾಫಿ ಇನ್ನೂ ಗಟ್ಟಿ, ಇನ್ನೂ ಬೇಗ. ನೆಗೆಟಿವ್ ಫೀಡ್‌ಬ್ಯಾಕ್ ಇರಬೇಕಾದ ಕಡೆ ನಾವೇ ಒಂದು ಪಾಸಿಟಿವ್ ಫೀಡ್‌ಬ್ಯಾಕ್ ಕಟ್ಟಿಬಿಟ್ವಿ.

ಇನ್ನೊಂದು ಕಿತಾಪತಿಯನ್ನೂ ಕಾಫಿ ಮಾಡತ್ತೆ. ದಿನವಿಡೀ ಮೆದುಳಿನಲ್ಲಿ ಅಡೆನೊಸಿನ್ ಅನ್ನೋ ವಸ್ತು ಸೇರ್ತಾ ಹೋಗತ್ತೆ, ಅದು ತನ್ನ ರಿಸೆಪ್ಟರಿಗೆ ಕೂತಾಗ ನಿದ್ದೆ ಬರತ್ತೆ. ಕೆಫೀನ್ ಹೋಗಿ ಆ ಜಾಗದಲ್ಲಿ ಕೂತ್ಕೊಳತ್ತೆ. ದಣಿವು ಹೋಗಲ್ಲ, ದಣಿವಿನ ಸುದ್ದಿ ಮಾತ್ರ ಮುಟ್ಟಲ್ಲ. ಹೈಪೋಥೈರಾಯ್ಡಿಸಮ್ಮಿನ ಮೊದಲ ಲಕ್ಷಣವೇ ದಣಿವು. ಹಾಸ್ಟೆಲಿನಲ್ಲಿ ದಿನಕ್ಕೆ ಐದು ಲೋಟ ಕುಡಿದು "ಸೆಮಿಸ್ಟರ್ ಪ್ರೆಶರ್" ಅಂತ ತಿಂಗಳುಗಟ್ಟಲೆ ತಳ್ಳಿದ್ರೆ, ಕಾಯಿಲೆ ಗೊತ್ತಾಗೋದೇ ತಡ ಆಗತ್ತೆ. ಸುಸ್ತಿನ ಜೊತೆ ಮಲಬದ್ಧತೆ, ಕೂದಲು ಉದುರೋದು, ತೂಕ ಏರೋದು, ಮುಟ್ಟಿನ ಏರುಪೇರು ಇದ್ರೆ ಒಂದು ರಕ್ತಪರೀಕ್ಷೆ ಮಾಡಿಸಿಬಿಡಿ.

ಆರೂಮುಕ್ಕಾಲಿನ ಬಸ್ಸು

ಥಿಯರಿ ಸರಳ: ಎದ್ದ ಕೂಡಲೇ ನೀರಿನಲ್ಲಿ ಮಾತ್ರೆ, ಒಂದು ಗಂಟೆ ಬಿಟ್ಟು ಕಾಫಿ, ತಿಂಡಿ. ಕನಿಷ್ಠ ಅರ್ಧ ಗಂಟೆಯಾದ್ರೂ ಬೇಕು; ಒಂದು ಗಂಟೆ ಉತ್ತಮ. ಆದ್ರೆ ಅರಕಲಗೂಡು, ಹೊಳೆನರಸೀಪುರ ಹಾಸನದಿಂದ ಸುಮಾರು ಮೂವತ್ತು ಕಿಲೋಮೀಟರ್, ಚನ್ನರಾಯಪಟ್ಟಣ ಇನ್ನೂ ಸ್ವಲ್ಪ ದೂರ. ಹೊಳೆನರಸೀಪುರಕ್ಕೂ ಚನ್ನರಾಯಪಟ್ಟಣಕ್ಕೂ ರೈಲಾದ್ರೂ ಇದೆ, ಅರಕಲಗೂಡಿನವರಿಗೆ ಬಸ್ಸೇ ಗತಿ. ಊರಿಂದ ತಾಲ್ಲೂಕು ಸ್ಟ್ಯಾಂಡಿಗೆ ಬಂದು, ಅಲ್ಲಿಂದ ಹಾಸನ, ಹಾಸನದಿಂದ ಕಾಲೇಜ್. ಆರೂಮುಕ್ಕಾಲಿನ ಬಸ್ಸು ಹಿಡಿಯೋರಿಗೆ ಆರಕ್ಕೆ ಮಾತ್ರೆ ಏಳಕ್ಕೆ ಕಾಫಿ ಅಂದ್ರೆ, ಕಾಫಿ ಬಸ್ಸಿನಲ್ಲೇ.

ಡೇ ಸ್ಕಾಲರ್‌ಗಳ ಹತ್ತಿರ ಮಾತಾಡಿ ನಮಗೆ ಸಿಕ್ಕ ದಾರಿಗಳಿವು. ಮಾತ್ರೆ, ನೀರಿನ ಬಾಟ್ಲಿ ಎರಡನ್ನೂ ದಿಂಬಿನ ಪಕ್ಕ ಇಟ್ಕೊಂಡು, ಮೊದಲ ಅಲಾರಂ ಐದೂವರೆಗೆ ಇಟ್ಟು, ನುಂಗಿ, ಇನ್ನೊಂದು ಸಲ ಮಗ್ಗುಲಾಗೋದು. ಎರಡನೇ ಅಲಾರಮ್ಮಿಗೆ ಏಳೋ ಹೊತ್ತಿಗೆ ಅರ್ಧ ಗಂಟೆ ಕಳೆದಿರತ್ತೆ; ಸ್ನಾನ ಮಾಡಿ ರೆಡಿಯಾಗಿ, ಬಸ್ಸು ಹತ್ತೋ ಮುಂಚೆ ಕಾಫಿ. ಇಲ್ಲಾಂದ್ರೆ ಸಣ್ಣ ಫ್ಲಾಸ್ಕಿನಲ್ಲಿ ಕಾಫಿ ಒಯ್ದು ಇಳಿದ ಮೇಲೆ ಕುಡಿಯೋದು. ಇನ್ನು ಕೆಲವರು ಮನೆ ಕಾಫಿಯನ್ನೇ ಬಿಟ್ಟು ಕ್ಯಾಂಟೀನಿನ ಬೈಟು ಕಾಫಿಗೆ ಬಂದಿದ್ದಾರೆ. ರುಚಿಯ ಬಗ್ಗೆ ನಾವು ಏನೂ ಹೇಳಲ್ಲ, ಮಾತ್ರೆಗೆ ಮಾತ್ರ ಅದು ಒಳ್ಳೇದು.

ರಾತ್ರಿ ಮಲಗೋವಾಗ ತಗೊಳ್ಳೋದೂ ಒಂದು ದಾರಿ. ನೆದರ್‌ಲ್ಯಾಂಡ್ಸಿನಲ್ಲಿ ನಡೆದು 2010ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಬೆಳಗಿನ ಬದಲು ರಾತ್ರಿ ತಗೊಂಡವರ ಹಾರ್ಮೋನ್ ಮಟ್ಟ ಇನ್ನೂ ಚೆನ್ನಾಗಿತ್ತು. ಆದ್ರೆ ಕೊನೆಯ ಊಟ ಆಗಿ ಮೂರು ಗಂಟೆ ಕಳೆದಿರಬೇಕು. ಒಂಬತ್ತೂವರೆಗೆ ಮುದ್ದೆ ಉಂಡು ಹತ್ತೂವರೆಗೆ ಮಲಗೋ ಮನೆಯಲ್ಲಿ ಇದು ನಡೆಯಲ್ಲ. ಹಾಸ್ಟೆಲಿನಲ್ಲಿ ಎಂಟಕ್ಕೆ ಊಟ, ಹನ್ನೆರಡಕ್ಕೆ ನಿದ್ದೆ ಅನ್ನೋರಿಗೆ ಚೆನ್ನಾಗೇ ಹೊಂದತ್ತೆ, ಮಧ್ಯೆ ಮ್ಯಾಗಿ ಬೇಯಿಸದೇ ಇದ್ರೆ. ಡಾಕ್ಟ್ರನ್ನ ಕೇಳದೆ ಹೊತ್ತು ಬದಲಾಯಿಸಬೇಡಿ.

ಕಾಫಿ ಬಿಟ್ಟೆ ಅಂತ ಸಮಾಧಾನ ಪಟ್ಕೊಂಡು ಆ ಜಾಗಕ್ಕೆ ರಾಗಿ ಮಾಲ್ಟ್ ತಂದವರನ್ನೂ ನೋಡಿದ್ದೀವಿ. ರಾಗಿ ಒಳ್ಳೇದೇ, ಆದ್ರೆ ಅದರಲ್ಲಿ ಕ್ಯಾಲ್ಸಿಯಂ ಜಾಸ್ತಿ, ನಾರು ಜಾಸ್ತಿ, ಮೇಲೆ ಹಾಲು. ಕ್ಯಾಲ್ಸಿಯಮ್ಮೂ ನಾರೂ ಲಿವೊಥೈರಾಕ್ಸಿನನ್ನ ಹಿಡಿದಿಟ್ಕೊಳ್ತವೆ. ಟೀ, ಹಾಲು ಹಾಕಿದ ಧನಿಯ ಕಷಾಯ, ಬಾದಾಮಿ ಹಾಲು ಎಲ್ಲದಕ್ಕೂ ಆ ಒಂದು ಗಂಟೆ ಅನ್ವಯ. ಮಾತ್ರೆಯ ಜೊತೆ ಹೋಗಬೇಕಾದ್ದು ಬರೀ ನೀರು. ಕಬ್ಬಿಣದ ಮಾತ್ರೆ, ಕ್ಯಾಲ್ಸಿಯಂ ಮಾತ್ರೆ ಇದ್ರೆ ಅಂತರ ಒಂದು ಗಂಟೆಯಲ್ಲ, ನಾಲ್ಕು ಗಂಟೆ. ಹಾಗೇ ಮಾತ್ರೆ ಬಾಟ್ಲಿಯನ್ನ ಒಲೆ ಪಕ್ಕದ ಶೆಲ್ಫಿನಲ್ಲಿ, ಕಿಟಕಿಯಲ್ಲಿ ಇಡಬೇಡಿ. ಬಿಸಿ, ತೇವ, ಬೆಳಕು ಮೂರೂ ಅದಕ್ಕೆ ಆಗಲ್ಲ.

ಬೇರೆ ಕಾಯಿಲೆಗಳಲ್ಲಿ

ರುಮಟಾಯ್ಡ್ ಆರ್ಥ್ರೈಟಿಸ್ ಇದ್ದವರಿಗೆ ಸಾಮಾನ್ಯವಾಗಿ ವಾರಕ್ಕೊಂದೇ ದಿನ ಮೆಥೊಟ್ರೆಕ್ಸೇಟ್ ಕೊಡ್ತಾರೆ. ಇದು ಕೆಲಸ ಮಾಡೋದರಲ್ಲಿ ಮತ್ತೆ ಅದೇ ಅಡೆನೊಸಿನ್ ಪಾತ್ರ ಇದೆ: ಉರಿಯೂತ ಇರೋ ಕಡೆ ಅಡೆನೊಸಿನ್ ಹೆಚ್ಚಿಸಿ ಉರಿ ತಗ್ಗಿಸತ್ತೆ. ಹಾಗಾದ್ರೆ ಕೆಫೀನ್ ಅದಕ್ಕೆ ಅಡ್ಡ ಬರಬೇಕಲ್ಲ? 2003ರಲ್ಲಿ ಇಸ್ರೇಲಿನ 39 ರೋಗಿಗಳಲ್ಲಿ ನೋಡಿದಾಗ, ಕೆಫೀನ್ ಜಾಸ್ತಿ ಕುಡಿಯೋರಿಗೆ ಔಷಧಿಯಿಂದ ಸುಧಾರಣೆ ಕಡಿಮೆ ಕಂಡಿತು. 2006ರಲ್ಲಿ 264 ರೋಗಿಗಳ ಇನ್ನೊಂದು ಅಧ್ಯಯನದಲ್ಲಿ ಅಂಥ ಸಂಬಂಧ ಸಿಗಲಿಲ್ಲ. ನಮ್ಮ ಅಭಿಪ್ರಾಯದಲ್ಲಿ ದಿನಕ್ಕೆ ಒಂದೆರಡು ಲೋಟದ ಬಗ್ಗೆ ಯಾರನ್ನೂ ಹೆದರಿಸೋವಷ್ಟು ಆಧಾರ ಇಲ್ಲಿ ಇಲ್ಲ. ಆದ್ರೆ ಔಷಧಿ ನಾಟ್ತಾ ಇಲ್ಲ ಅನ್ನಿಸಿದ್ರೆ, ಎಷ್ಟು ಕಾಫಿ ಕುಡೀತೀವಿ ಅಂತ ಡಾಕ್ಟ್ರಿಗೆ ಹೇಳೋದು ಸರಿ.

ಸ್ಟೀರಾಯ್ಡ್ ತಗೊಳ್ಳೋರಿಗೆ ಬೇರೆ ಕಷ್ಟ. ಪ್ರೆಡ್ನಿಸೊಲೋನ್ ತಾನೇ ನಿದ್ದೆ ಕೆಡಿಸತ್ತೆ; ಸಂಜೆ ಕಾಫಿ ಸೇರಿದ್ರೆ ರಾತ್ರಿ ಪೂರ್ತಿ ಜಾಗರಣೆ. ಅದನ್ನ ತಿಂಡಿ ಆದ ಮೇಲೆ ತಗೋಬೇಕು, ಖಾಲಿ ಹೊಟ್ಟೆಯಲ್ಲಿ ಬರೀ ಕಾಫಿ ಜೊತೆ ಅಲ್ಲ. ವರ್ಷಗಟ್ಟಲೆ ಸ್ಟೀರಾಯ್ಡ್ ತಗೊಂಡು ಮೂಳೆ ಸವೆದವರಿಗೆ ವಾರಕ್ಕೊಮ್ಮೆ ಕೊಡೋ ಅಲೆಂಡ್ರೊನೇಟ್ ಇನ್ನೂ ಕಟ್ಟುನಿಟ್ಟು: ಕಾಫಿ ಜೊತೆ ನುಂಗಿದ್ರೆ ಹೀರಿಕೆ ಸುಮಾರು ಶೇ. 60 ಬಿದ್ದುಹೋಗತ್ತೆ. ಥೈರಾಯ್ಡ್ ಅತಿಯಾಗಿ ಕೆಲಸ ಮಾಡೋ ಗ್ರೇವ್ಸ್ ಕಾಯಿಲೆಯಲ್ಲಿ ಎದೆ ಮೊದಲೇ ಡವಡವ ಅಂತಿರತ್ತೆ, ಅದು ಹತೋಟಿಗೆ ಬರೋವರೆಗೂ ಕಾಫಿ ತಗ್ಗಿಸೋದೇ ಜಾಣತನ. ಕ್ರೋನ್ಸ್ ಥರದ ಕರುಳಿನ ಕಾಯಿಲೆಗಳಲ್ಲಿ ಕೆಲವರಿಗೆ ಕಾಫಿ ಆಗಲ್ಲ, ಇನ್ನು ಕೆಲವರಿಗೆ ಅದರಲ್ಲಿರೋ ಹಾಲು ಆಗಲ್ಲ. ಎರಡನ್ನೂ ಬೇರೆ ಮಾಡಿ ನೋಡಬೇಕು.

ರಕ್ತಹೀನತೆ ಇದ್ದವರಿಗೆ ಊಟ ಆದ ತಕ್ಷಣದ ಕಾಫಿ ಅಡ್ಡಿ. 1983ರ ಅಧ್ಯಯನವೊಂದರಲ್ಲಿ ಊಟದ ಜೊತೆ ಕುಡಿದ ಒಂದು ಕಪ್ ಕಾಫಿ ಕಬ್ಬಿಣದ ಹೀರಿಕೆಯನ್ನ ಶೇ. 39, ಟೀ ಶೇ. 64 ಇಳಿಸಿತ್ತು. ವಿಚಿತ್ರ ಅಂದ್ರೆ ಊಟಕ್ಕೆ ಒಂದು ಗಂಟೆ ಮುಂಚೆ ಕುಡಿದಾಗ ಏನೂ ಆಗಲಿಲ್ಲ, ಊಟ ಆಗಿ ಒಂದು ಗಂಟೆಗೆ ಕುಡಿದಾಗ ಜೊತೆಗೆ ಕುಡಿದಷ್ಟೇ ನಷ್ಟ.

ಲೋಟದಲ್ಲಿ ಕೆಫೀನ್ ಎಷ್ಟಿದೆ ಅನ್ನೋದು ಪುಡಿಯ ಮೇಲೆ ನಿಂತಿದೆ. ಅರೇಬಿಕಾಗಿಂತ ರೊಬಸ್ಟಾದಲ್ಲಿ ಹತ್ತಿರ ಹತ್ತಿರ ಎರಡರಷ್ಟು. ಚಿಕೋರಿಯಲ್ಲಿ ಕೆಫೀನ್ ಇಲ್ಲವೇ ಇಲ್ಲ, ಅದೊಂದು ಬೇರು. ಪ್ಯಾಕೆಟ್ ಮೇಲೆ ಕಾಫಿ ಇಷ್ಟು, ಚಿಕೋರಿ ಇಷ್ಟು ಅಂತ ಬರೆದಿರತ್ತೆ. ಕಾಫಿ ಕನಿಷ್ಠ ಶೇ. 51 ಇರಬೇಕು ಅನ್ನೋದು ನಿಯಮ. ಆರೋಗ್ಯವಂತ ವಯಸ್ಕರಿಗೆ ದಿನಕ್ಕೆ 400 ಮಿಲಿಗ್ರಾಮ್ ಕೆಫೀನ್‌ವರೆಗೆ ತೊಂದರೆ ಇಲ್ಲ ಅಂತ ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆ 2015ರಲ್ಲಿ ಹೇಳಿದೆ. ಅದರ ಅರ್ಧಾಯುಷ್ಯ ಸುಮಾರು 5 ಗಂಟೆ: ಪರೀಕ್ಷೆಯ ಹಿಂದಿನ ರಾತ್ರಿ ಹತ್ತಕ್ಕೆ ಕುಡಿದಿದ್ದರ ಅರ್ಧ ಬೆಳಗಿನ ಜಾವ ಮೂರಕ್ಕೂ ಒಳಗೇ ಇರತ್ತೆ.

ಈಗ ಮನೆಗೆ ಬರೋಣ. ನಮ್ಮ ಕಡೆ ಬೆಳಗ್ಗೆ ಮೊದಲು ಏಳೋದು ಅಮ್ಮ. ಹಾಲು ಕಾಯಿಸಿ, ಡಿಕಾಕ್ಷನ್ ಇಳಿಸಿ, ಅಪ್ಪನಿಗೆ, ಅಜ್ಜಿಗೆ, ನಮಗೆ ಕೊಟ್ಟು, ಸಕ್ಕರೆ ಸರಿಯಿದೆಯಾ ಅಂತ ತಾನೊಂದು ಗುಟುಕು ನೋಡೋದೂ ಅವಳೇ. ಥೈರಾಯ್ಡ್ ಮಾತ್ರೆ ಇರೋದೂ ಹೆಚ್ಚಿನ ಮನೆಗಳಲ್ಲಿ ಅವಳಿಗೇ. ನೆನಪಾದಾಗ, ಎಲ್ಲರ ಕೆಲಸ ಮುಗಿದ ಮೇಲೆ, ಅದೇ ಕಾಫಿ ಲೋಟ ಕೈಯಲ್ಲಿ ಹಿಡ್ಕೊಂಡೇ ನುಂಗ್ತಾಳೆ. "ಎರಡು ವರ್ಷದಿಂದ ತಗೊಳ್ತಿದ್ದೀನಿ, ಡೋಸ್ ಏರ್ತಾನೇ ಇದೆ" ಅಂತಾಳೆ. ಡೋಸ್ ಏರೋಕೆ ನೂರು ಕಾರಣ ಇರಬಹುದು, ಗ್ರಂಥಿ ಇನ್ನಷ್ಟು ಹಾಳಾಗಿರಬಹುದು. ಆದ್ರೆ ಖರ್ಚಿಲ್ಲದೆ ಪರೀಕ್ಷಿಸಬಹುದಾದ ಕಾರಣ ಈ ಲೋಟ. ಆರು ವಾರ ಬೆಳಗಿನ ಕಾಫಿ ನಾವು ಮಾಡಿಕೊಡೋದು, ಅವಳ ದಿಂಬಿನ ಪಕ್ಕ ಮಾತ್ರೆ ಇಡೋದು. ಇಷ್ಟು ಮಾಡಿದ್ರೆ ಹೀರಿಕೆ ಏರೋದ್ರಿಂದ ಹಳೇ ಡೋಸ್ ಈಗ ಜಾಸ್ತಿಯಾಗಬಹುದು. ಎದೆ ಬಡಿತ, ಕೈ ನಡುಕ, ಬೆವರು ಕಂಡ್ರೆ ಆರು ವಾರ ಕಾಯದೆ ಡಾಕ್ಟ್ರ ಹತ್ತಿರ ಹೋಗಿ. ವಯಸ್ಸಾದವರಿಗೆ, ಹೃದಯದ ತೊಂದರೆ ಇರೋರಿಗೆ, ಬಸುರಿಯರಿಗೆ ಶುರು ಮಾಡೋ ಮುಂಚೆಯೇ ಕೇಳಿ.

ಪರೀಕ್ಷೆಗೆ ಹೋಗೋವಾಗ ಒಂದು ಚೀಟಿಯಲ್ಲಿ ಬರೆದು ಒಯ್ಯಿರಿ: ಮಾತ್ರೆ ಎಷ್ಟು ಗಂಟೆಗೆ, ಕಾಫಿ ಎಷ್ಟು ಗಂಟೆಗೆ, ಕ್ಯಾಲ್ಸಿಯಂ ಅಥವಾ ಕಬ್ಬಿಣದ ಮಾತ್ರೆ ಇದ್ರೆ ಯಾವಾಗ, ವಾರದಲ್ಲಿ ಎಷ್ಟು ದಿನ ತಪ್ಪಿತು, ಈ ಕ್ರಮ ಶುರುವಾಗಿ ಎಷ್ಟು ವಾರ ಆಯ್ತು. ಕೂದಲಿಗೆ ಅಂತ ಬಯೋಟಿನ್ ಮಾತ್ರೆ ತಗೊಳ್ತಿದ್ರೆ ಅದನ್ನೂ ಬರೀರಿ, ಅದು ಥೈರಾಯ್ಡ್ ರಿಪೋರ್ಟನ್ನೇ ತಪ್ಪು ತೋರಿಸಬಹುದು; ಪರೀಕ್ಷೆಗೆ ಕನಿಷ್ಠ ಎರಡು ದಿನ ಮುಂಚೆ ನಿಲ್ಲಿಸೋಕೆ ಹೇಳ್ತಾರೆ. ರಕ್ತ ಕೊಡೋ ದಿನದ ಮಾತ್ರೆಯನ್ನ ಮುಂಚೆ ತಗೋಬೇಕಾ, ಆಮೇಲಾ ಅಂತ ಹಿಂದಿನ ದಿನವೇ ಕೇಳಿಟ್ಕೊಳ್ಳಿ.